ಮಳೆಗಾಲದಲ್ಲಿ ಮಜ್ಜಿಗೆ ಹುಲ್ಲು ಒಣಗಿಸಿ ಟೀ ಬ್ಯಾಗ್ ಹೊಲಿದದ್ದು

ನಮ್ಮಪ್ಪ 32 ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ, ಆಗಿದ್ದವರು. ದಿನಕ್ಕೆ ಆರು ಲೋಟ ಕಾಫಿ ಅವರ ಲೆಕ್ಕ. ಈ ಜೂನ್‌ನಲ್ಲಿ ಎದೆಯುರಿ ಜಾಸ್ತಿಯಾಯಿತು. ಡಾಕ್ಟರ್ ಎರಡು ಲೋಟಕ್ಕೆ ಇಳಿಸಿ ಅಂದರು. ಉಳಿದ ನಾಲ್ಕು ಲೋಟದ ಜಾಗಕ್ಕೆ ಏನು ಕೊಡುವುದು? ಚಿಕ್ಕಮಗಳೂರಿನಲ್ಲಿ ಕೂತು ಕಾಫಿಗೆ ಬದಲಿ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಅದು ಎರಡು ತಿಂಗಳ ಮರಗೆಲಸ, ವೈರಿಂಗ್ ಕೆಲಸ, ಕೊನೆಗೆ ಹೊಲಿಗೆ ಕೆಲಸ ಆಯಿತು.

ಶುರು ಮಾಡಿದ್ದು ಅಂಗಡಿಯ ಬ್ಯಾಗುಗಳಿಂದ. ಎಂ.ಜಿ. ರಸ್ತೆಯ ಎರಡು ಅಂಗಡಿ ಸುತ್ತಿ ಆರು ಬಗೆ ತಂದೆ. ಸಾದಾ ಕಪ್ಪು ಟೀ, ನಿಂಬೆ ಗ್ರೀನ್ ಟೀ, ತುಳಸಿ ಗ್ರೀನ್ ಟೀ, ಕ್ಯಾಮೊಮೈಲ್ ಹೂವಿನದ್ದು, ಕೆಮ್ಮು-ನೆಗಡಿಗೆ ಅಂತ ಮಾರುವ ಶುಂಠಿಯದ್ದು, ಮತ್ತೆ ತ್ರಿಕೋನದ ಜಾಲರಿ ಚೀಲದ ದುಬಾರಿ ಒಂದು. ಕುಡಿಯುವ ಮುಂಚೆ ಪ್ರತಿಯೊಂದರಲ್ಲೂ ಒಂದು ಬ್ಯಾಗನ್ನು ಕತ್ತರಿಸಿ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಕಪ್ಪು ಟೀ ಹತ್ತಿರ ಹತ್ತಿರ 2 ಗ್ರಾಂ ಇತ್ತು. ಗ್ರೀನ್ ಟೀ 1.3. ಕ್ಯಾಮೊಮೈಲ್ ಬರೀ 1 ಗ್ರಾಂ.

ಕಪ್ಪು ಟೀ ಬ್ಯಾಗಿನೊಳಗಿನ ಪುಡಿ ನೋಡಿ ಅಪ್ಪ, ‘ಇದು ಗುಡಿಸಿ ತುಂಬಿದ್ದು ಕಣೋ’ ಅಂದರು. ಹಾಗೇನಿಲ್ಲ. ಸಿಟಿಸಿ ಅನ್ನುವ ವಿಧಾನ 1930ರ ಹೊತ್ತಿಗೆ ಅಸ್ಸಾಮಿನಲ್ಲಿ ಶುರುವಾದದ್ದು. ಹಲ್ಲಿರುವ ರೋಲರ್‌ಗಳ ನಡುವೆ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಬರುತ್ತದೆ. ಅದನ್ನು ಜರಡಿ ಹಿಡಿದಾಗ ಕೊನೆಗೆ ಉಳಿಯುವ ಸಣ್ಣ ಕಾಳಿಗೆ ಫ್ಯಾನಿಂಗ್ಸ್, ಡಸ್ಟ್ ಅಂತ ಹೆಸರು. ಡಸ್ಟ್ ಅನ್ನುವುದು ಗಾತ್ರದ ಹೆಸರು ಅಷ್ಟೇ. ಸಣ್ಣಗಿದ್ದಷ್ಟೂ ಬೇಗ ಬಣ್ಣ ಬಿಡುತ್ತದೆ. ಹಾಲು ಹಾಕಿ ಕುಡಿಯುವ ನಮ್ಮಂಥವರಿಗೆ ಅದೇ ಬೇಕು. ಮೂರು ನಿಮಿಷ ಬಿಟ್ಟು ಹಾಲು ಹಾಕಿದ ಆ ಸಾದಾ ಬ್ಯಾಗಿಗೆ ಅಪ್ಪ ‘ಪರವಾಗಿಲ್ಲ’ ಅಂದರು. ಆರರಲ್ಲಿ ಪಾಸಾದದ್ದು ಅದೊಂದೇ. ಆದರೆ ಅದರಲ್ಲೂ ಕೆಫೀನ್ ಇದೆಯಲ್ಲ, ಸಂಜೆಗೆ ಬೇಡ ಅಂತ ಅಮ್ಮನ ತೀರ್ಪು.

ಗ್ರೀನ್ ಟೀ ಕಹಿ ಅಂತ ಎಲ್ಲರೂ ಮುಖ ಸಿಂಡರಿಸಿದರು. ಅದು ನನ್ನ ತಪ್ಪು. ಕುದಿಯುವ ನೀರನ್ನೇ ಸುರಿದಿದ್ದೆ. ನೀರು ಕುದಿಸಿ, ಒಂದು ಸ್ಟೀಲ್ ಲೋಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಸುರಿದರೆ 80 ಡಿಗ್ರಿ ಸುತ್ತಮುತ್ತ ಬರುತ್ತದೆ. ಅದರಲ್ಲಿ ಎರಡು ನಿಮಿಷ ಸಾಕು. ಕಹಿ ಅರ್ಧಕ್ಕರ್ಧ ಇಳಿಯಿತು. ಅಂದಹಾಗೆ ನಮ್ಮ ಊರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದೇ ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ 96 ಡಿಗ್ರಿ ದಾಟುತ್ತಿದ್ದಂತೆ ಕುದಿ ಬರುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ, 1,930 ಮೀಟರ್ ಎತ್ತರದಲ್ಲಿ, 94ರ ಆಸುಪಾಸಿನಲ್ಲೇ ಕುದಿಯುತ್ತದೆ. ಡಬ್ಬಿಯ ಮೇಲೆ ‘ಮೂರು ನಿಮಿಷ’ ಅಂತ ಇದ್ದರೆ ಕಪ್ಪು ಟೀಗೆ ನಾನು ಅರ್ಧ ನಿಮಿಷ ಸೇರಿಸಿಕೊಳ್ಳುತ್ತೇನೆ.

ನೀರಿನದ್ದೇ ಇನ್ನೊಂದು ಮಾತು. ಬೋರ್‌ವೆಲ್ ನೀರಿನ ಕಪ್ಪು ಟೀ ಮೇಲೆ ತೆಳ್ಳಗೆ ಎಣ್ಣೆಯ ಹಾಗೆ ಪೊರೆ ಕಟ್ಟುತ್ತಿತ್ತು. ಬ್ಯಾಗಿನ ಕಾಗದದಿಂದ ಏನೋ ಬಿಡುತ್ತಿದೆ ಅಂದುಕೊಂಡು ಎರಡು ದಿನ ಸುಮ್ನೆ ಅದರ ಹಿಂದೆ ಬಿದ್ದೆ. ಅದು ಗಡಸು ನೀರಿನ ಕ್ಯಾಲ್ಸಿಯಂ ಮಾಡುವ ಕೆಲಸ. ನಲ್ಲಿ ನೀರಿನಲ್ಲಿ, ಅಂದರೆ ಹಿರೇಕೊಳಲೆ ಕೆರೆ ಮತ್ತು ಯಗಚಿಯಿಂದ ಬರುವ ನೀರಿನಲ್ಲಿ, ಪೊರೆ ಕಾಣಲೇ ಇಲ್ಲ. ಬೋರ್ ನೀರಿಗೂ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಮಾಯ.

ಅಪ್ಪ ಪಾಸು ಮಾಡದಿದ್ದರೂ ನನ್ನ ನಾಲಿಗೆಗೆ ತ್ರಿಕೋನದ ಬ್ಯಾಗ್ ರುಚಿಯಲ್ಲಿ ಎಲ್ಲಕ್ಕಿಂತ ಮುಂದೆ. ಎಲೆ ದೊಡ್ಡದು, ಒಳಗೆ ಹರಡಿಕೊಳ್ಳಲು ಜಾಗ ಇದೆ. ಆದರೆ ಖಾಲಿ ಚೀಲವನ್ನು ಒಣಗಿಸಿ ಬೆಂಕಿಕಡ್ಡಿ ಹಿಡಿದರೆ ಬೂದಿಯಾಗಲಿಲ್ಲ, ಕರಗಿ ಮಣಿಯಾಯಿತು. ನೈಲಾನ್ ಆಗಲಿ, ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಆಗಲಿ, ಎರಡೂ ಹೀಗೇ ಕರಗುತ್ತವೆ. ಹಾಗಾಗಿ ಯಾವುದು ಅಂತ ಬೆಂಕಿಯಿಂದ ಹೇಳಲು ಬರುವುದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇಂಥ ಪ್ಲಾಸ್ಟಿಕ್ ಬ್ಯಾಗನ್ನು 95 ಡಿಗ್ರಿ ನೀರಿನಲ್ಲಿ ಇಟ್ಟು ನೋಡಿದ್ದರು. ಒಂದು ಬ್ಯಾಗಿನಿಂದ ಸುಮಾರು 1,160 ಕೋಟಿ ಮೈಕ್ರೋಪ್ಲಾಸ್ಟಿಕ್ ಕಣ ಬಿಟ್ಟಿತಂತೆ. ದೇಹಕ್ಕೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ, ನನಗಂತೂ ಆ ಸಂಖ್ಯೆಯೇ ಸಾಕಾಯಿತು.

ಶುಂಠಿಯ ಬ್ಯಾಗಿನ ಪಟ್ಟಿ ಓದಿದಾಗ ಜ್ಯೇಷ್ಠಮಧು ಕಂಡಿತು. ಸಿಹಿ ಬರಲಿ ಅಂತ ಹಾಕುತ್ತಾರೆ. ಅದನ್ನು ದಿನಾ ತಗೊಂಡರೆ ಬಿಪಿ ಏರಬಹುದು. ಅಪ್ಪ ಬಿಪಿ ಮಾತ್ರೆ ತಗೊಳ್ಳುವವರು, ಆ ಡಬ್ಬಿ ನನ್ನ ಪಾಲಿಗೆ ಬಂತು. ಕ್ಯಾಮೊಮೈಲ್ ಕುಡಿದು ಅಪ್ಪ ಅಂದದ್ದು: ‘ಹುಲ್ಲು ಗೊಣಬೆ ಮೇಲೆ ಮಳೆ ಬಂದಾಗ ಹೀಗೇ ವಾಸನೆ ಬರೋದು.’ ತುಳಸಿಯದ್ದರಲ್ಲಿ ತುಳಸಿ ಎಲ್ಲಿ ಅಂತ ಹುಡುಕಬೇಕಾಗಿತ್ತು.

ಅಮ್ಮ ಅಷ್ಟರಲ್ಲಿ, ‘ಹಿತ್ತಲಲ್ಲಿ ಮಜ್ಜಿಗೆ ಹುಲ್ಲು, ತುಳಸಿ, ಶುಂಠಿ ಎಲ್ಲಾ ಇಟ್ಕೊಂಡು ಪೇಟೆಯಿಂದ ಹುಲ್ಲು ತರ್ತೀಯಲ್ಲೋ’ ಅಂದರು. ಮಜ್ಜಿಗೆ ಹುಲ್ಲು ಅಂದರೆ ಲೆಮನ್ ಗ್ರಾಸ್. ಸರಿಯಾದ ಮಾತೇ. ಟೀ ಗಿಡದ ಎಲೆ ಇಲ್ಲದ್ದನ್ನು ಟೀ ಅಂತ ಕರೆಯುವುದಕ್ಕಿಂತ ನಮ್ಮ ಕಷಾಯ ಅನ್ನುವ ಹೆಸರೇ ವಾಸಿ. ಆದರೆ ಅಪ್ಪನಿಗೆ ಬೇಕಾದದ್ದು ಬೆಳಿಗ್ಗೆ ಐದಕ್ಕೆ ಯಾರನ್ನೂ ಎಬ್ಬಿಸದೆ ತಾನೇ ಮಾಡಿಕೊಳ್ಳುವಂಥದ್ದು. ಸೊಪ್ಪು ಕಿತ್ತು, ತೊಳೆದು, ಜಜ್ಜಿ, ಸೋಸುವುದು ಅವರಿಂದ ಆಗದು. ಹಾಗಾಗಿ ಬ್ಯಾಗೇ ಬೇಕು. ಬ್ಯಾಗ್ ಆಗಬೇಕಾದರೆ ಸೊಪ್ಪು ಒಣಗಬೇಕು.

ಆಗ ಪುನರ್ವಸು ಮಳೆ ಹಿಡಿದಿತ್ತು. ಪೇಪರ್ ಮೇಲೆ ಹರಡಿದ ತುಳಸಿ ಮೂರನೇ ದಿನಕ್ಕೆ ಬೂಸ್ಟು ಹಿಡಿಯಿತು. ಅಜ್ಜಿಯ ಕಾಲದಲ್ಲಿ ಒಲೆಯ ಮೇಲಿನ ಅಟ್ಟ ಇತ್ತು. ಏನಿಟ್ಟರೂ ಒಣಗುತ್ತಿತ್ತು, ಹೊಗೆ ವಾಸನೆ ಬೋನಸ್. ಈಗ ಅಟ್ಟವೂ ಇಲ್ಲ, ಸೌದೆ ಒಲೆಯೂ ಇಲ್ಲ. ಡ್ರೈಯರ್ ಕಟ್ಟುವುದು ಅಂತ ತೀರ್ಮಾನ ಆಯಿತು.

ಡಬ್ಬಕ್ಕೆ ಸಿಕ್ಕಿದ್ದು ಹಳೆಯ ದಪ್ಪ ಟಿವಿ ಇಡುತ್ತಿದ್ದ ಮರದ ಸ್ಟ್ಯಾಂಡ್. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಮುಂದೆ ಬಾಗಿಲು ಬೇರೆ ಇದೆ. ಒಳಗೆ ಅಡಿಕೆ ದಬ್ಬೆಯ ನಾಲ್ಕು ಚೌಕಟ್ಟು ಮಾಡಿ ಸ್ಟೀಲ್ ಜಾಲರಿ ಬಡಿದೆ. ತಳಕ್ಕೆ ತಗಡು ಹಾಸಿ, ಪಿಂಗಾಣಿ ಹೋಲ್ಡರಿನಲ್ಲಿ 60 ವ್ಯಾಟಿನ ಎರಡು ಬಲ್ಬ್ ಕೂರಿಸಿದೆ. ಹಳೆಯ ಥರದ, ಬಿಸಿಯಾಗುವ ಬಲ್ಬೇ ಬೇಕು. ಎಲ್‌ಇಡಿ ಬಂದ ಮೇಲೆ ಇವು ಸಿಗುವುದೇ ಕಷ್ಟ. ಕೋಳಿಮರಿ ಸಾಕುವವರು ಹೋಗುವ ಅಂಗಡಿಯಲ್ಲಿ ಕೇಳಿ, ಅಲ್ಲಿ ಇರುತ್ತವೆ. ಮೇಲ್ಗಡೆ ಹಿಂಭಾಗದಲ್ಲಿ ತೂತು ಕೊರೆದು ಹಳೆಯ ಕಂಪ್ಯೂಟರಿನ ಫ್ಯಾನನ್ನು ಗಾಳಿ ಹೊರಗೆ ತಳ್ಳುವ ಹಾಗೆ ಹಾಕಿದೆ. ತಳದಲ್ಲಿ ಗಾಳಿ ಒಳಗೆ ಬರಲು ಎಂಟು ತೂತು. ಉಷ್ಣತೆ ಹಿಡಿದಿಡಲು ಡಬ್ಲ್ಯೂ1209 ಅನ್ನುವ ಪುಟ್ಟ ಥರ್ಮೋಸ್ಟಾಟ್ ಬೋರ್ಡ್. ಅದಕ್ಕೆ ಕೆಟ್ಟ ರೂಟರ್‌ನ 12 ವೋಲ್ಟಿನ ಅಡಾಪ್ಟರ್ ಹೊಂದಿತು. 40 ಡಿಗ್ರಿ ಮುಟ್ಟಿದರೆ ಬಲ್ಬ್ ಆರಬೇಕು, 38ಕ್ಕೆ ಇಳಿದರೆ ಮತ್ತೆ ಹತ್ತಬೇಕು.

ಹೊರಗೆ ಮಳೆ ಸುರಿಯುವಾಗ ಅದೇ ಒದ್ದೆ ಗಾಳಿಯನ್ನು ಒಳಗೆ ಎಳೆದರೆ ಏನು ಒಣಗುತ್ತೆ ಅಂತ ನನ್ನ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಗಾಳಿ ಬಿಸಿಯಾದಷ್ಟೂ ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. 21 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ ತೇವಾಂಶದ ಲೆಕ್ಕ ಶೇ. 30ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಜುಲೈ ಗಾಳಿಯೇ ಡಬ್ಬದೊಳಗೆ ಬೇಸಿಗೆ ಗಾಳಿ ಆಗುತ್ತದೆ. ತೇವ ಹೀರಿದ ಆ ಗಾಳಿಯನ್ನು ಹೊರಗೆ ಕಳಿಸದಿದ್ದರೆ ಮಾತ್ರ ಕೆಟ್ಟಿತು.

ಕೆಟ್ಟಿತು. ಮೊದಲ ಸಲ ಫ್ಯಾನನ್ನು 12 ವೋಲ್ಟಿಗೇ ಕೊಟ್ಟಿದ್ದೆ. ಅದು ಬಿಸಿಯನ್ನೆಲ್ಲ ಎಳೆದು ಹೊರಗೆ ಹಾಕಿತು, 33 ಡಿಗ್ರಿ ದಾಟಲಿಲ್ಲ. ಸಿಟ್ಟಿನಲ್ಲಿ ಫ್ಯಾನ್ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆಲ್ಲ ಬೆವರು, ಕೆಳಗಿನ ತಟ್ಟೆಯ ತುಳಸಿ ಕಪ್ಪಗೆ ಬೆಂದಿತ್ತು. ಸೆನ್ಸರನ್ನು ಮೇಲಿನ ತಟ್ಟೆಯ ಹತ್ತಿರ ಕಟ್ಟಿದ್ದೆ. ಅಲ್ಲಿ 40 ಇರುವಾಗ ಕೆಳಗಿನ ತಟ್ಟೆಯಲ್ಲಿ 58 ಇತ್ತು. ತುಳಸಿಯ ಘಮ ಇರುವುದು ಅದರ ಎಣ್ಣೆಯಲ್ಲಿ. ಅಷ್ಟು ಬಿಸಿಗೆ ಅದು ಎಲೆಯಲ್ಲಿ ನಿಲ್ಲುವುದಿಲ್ಲ. ಅಂಗಡಿಯ ಬ್ಯಾಗಿನಲ್ಲಿ ತುಳಸಿ ಹುಡುಕಿದವನು ನನ್ನದರಲ್ಲೂ ಹುಡುಕುವ ಹಾಗಾಯಿತು. ಮರದ ಡಬ್ಬದಲ್ಲಿ ಬಲ್ಬ್ ಉರಿಸಿ ಮಲಗಿದ್ದೂ ದಡ್ಡತನವೇ. ಈಗ ಎಚ್ಚರ ಇದ್ದಾಗ ಮಾತ್ರ ಹಾಕುತ್ತೇನೆ.

ಮೂರು ತಿದ್ದುಪಡಿ ಆಯಿತು. ಫ್ಯಾನಿಗೆ ಫೋನ್ ಚಾರ್ಜರಿನ 5 ವೋಲ್ಟ್ ಕೊಟ್ಟೆ, ನಿಧಾನಕ್ಕೆ ತಿರುಗಿತು. ಸೆನ್ಸರನ್ನು ಕೆಳಗಿನ ತಟ್ಟೆಗೆ ಇಳಿಸಿದೆ. ಬಲ್ಬುಗಳ ಮೇಲೆ ಎರಡು ಇಂಚು ಬಿಟ್ಟು ಒಂದು ತಗಡು ಅಡ್ಡ ಇಟ್ಟೆ, ಬಿಸಿ ನೇರವಾಗಿ ಸೊಪ್ಪಿಗೆ ಹೊಡೆಯದೆ ಪಕ್ಕದಿಂದ ಸುತ್ತಿಕೊಂಡು ಏರಲಿ ಅಂತ.

ಆದರೂ ತಟ್ಟೆಯ ನಡುವಿನ ಸೊಪ್ಪು ಹಸಿಹಸಿ. ಇಲ್ಲಿ ಅಪ್ಪ ಅಖಾಡಕ್ಕಿಳಿದರು. ಅಲ್ಲಿಯವರೆಗೆ ‘ನಿನ್ನ ಟೀ ಮಷೀನ್’ ಅನ್ನುತ್ತಿದ್ದವರು, ಕುರ್ಚಿ ಎಳೆದುಕೊಂಡು ಡಬ್ಬದ ಮುಂದೆ ಕೂತರು. ‘ಇಷ್ಟು ದಪ್ಪ ಹರಡಿದ್ರೆ ಎಸ್ಟೇಟಲ್ಲಿ ನಿನ್ನನ್ನ ಕಣದಿಂದ ಓಡಿಸ್ತಿದ್ರು. ತೆಳ್ಳಗೆ ಹರಡು. ಗಂಟೆಗೊಂದು ಸಲ ಕೈಯಾಡಿಸು. ಮೇಲಿನ ತಟ್ಟೆ ಕೆಳಗೆ, ಕೆಳಗಿಂದು ಮೇಲೆ.’ ಕಾಫಿ ಕಣದಲ್ಲಿ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜವನ್ನು, ಶೇ. 10 ತೇವಾಂಶಕ್ಕೆ ತರುವವರೆಗೆ ಮಗುಚುತ್ತಾ ಇರಬೇಕು, ಸಂಜೆ ರಾಶಿ ಮಾಡಿ ಟಾರ್ಪಲ್ ಮುಚ್ಚಬೇಕು. ಇಲ್ಲದಿದ್ದರೆ ರಾತ್ರಿಯ ಮಂಜು ಒಣಗಿದ್ದನ್ನೆಲ್ಲ ವಾಪಸ್ ಒದ್ದೆ ಮಾಡುತ್ತದೆ. ಅದೇ ಪಾಠವನ್ನು ಅವರು ನನ್ನ ನಾಲ್ಕು ತಟ್ಟೆಗೆ ತಂದರು. ಒಣಗಿತು ಅಂತ ನಾನು ತೆಗೆದಿಟ್ಟ ಮಜ್ಜಿಗೆ ಹುಲ್ಲನ್ನು ಗಾಜಿನ ಡಬ್ಬಿಗೆ ಹಾಕಿ ಮುಚ್ಚಿ, ‘ನಾಳೆ ನೋಡು’ ಅಂದರು. ಮಾರನೇ ದಿನ ಗರಿಗರಿ ಇದ್ದದ್ದು ಮೆತ್ತಗಾಗಿತ್ತು. ಎಲೆ ಒಣಗಿದ್ದರೂ ದಂಟಿನೊಳಗಿನ ನೀರು ರಾತ್ರಿಯಿಡೀ ಬೆವರಿ ಎಲೆಗೆ ಬಂದಿತ್ತು. ಮತ್ತೆ ಎರಡು ಗಂಟೆ ಡ್ರೈಯರಿಗೆ. ದಂಟು ಬಾಗದೆ ಲಟಕ್ಕನೆ ಮುರಿದರೆ ಮಾತ್ರ ಆಯಿತು ಅಂತ ಅರ್ಥ.

500 ಗ್ರಾಂ ಹಸಿ ಮಜ್ಜಿಗೆ ಹುಲ್ಲು ಒಣಗಿ 124 ಗ್ರಾಂ ಆಯಿತು, ಎಂಟು ಗಂಟೆ ಹಿಡಿಯಿತು. 300 ಗ್ರಾಂ ತುಳಸಿ ಎಲೆ 55 ಗ್ರಾಂ, ಒಂಬತ್ತು ಗಂಟೆ. ಬಲ್ಬುಗಳು ಬಿಡದೆ ಉರಿದರೂ ಹತ್ತು ಗಂಟೆಗೆ 1.2 ಯೂನಿಟ್. ಕರೆಂಟ್ ಹೋದಾಗ ಬಾಗಿಲು ತೆಗೆಯದೆ ಬಿಡುವುದು ಒಳ್ಳೆಯದು ಅಂತ ಎರಡು ಸಲ ತೆಗೆದ ಮೇಲೆ ಗೊತ್ತಾಯಿತು.

ಶುಂಠಿ ಮಾತ್ರ ಕೇಳಲಿಲ್ಲ. 40 ಡಿಗ್ರಿಯಲ್ಲಿ ದಪ್ಪ ಬಿಲ್ಲೆಗಳು ಒಂದೂವರೆ ದಿನ ಆದರೂ ಒಳಗೆ ಮೇಣದ ಹಾಗೆ. ರುಚಿಯಲ್ಲೂ ಅಂಗಡಿಯ ಶುಂಠಿ ಬ್ಯಾಗೇ ಗೆದ್ದಿತು, ಒಪ್ಪಿಕೊಳ್ಳಬೇಕು. ಹಸಿ ಶುಂಠಿಯ ಖಾರ ಜಿಂಜೆರಾಲ್‌ನದ್ದು. ಒಣಗುವಾಗ, ಬಿಸಿ ತಾಗುವಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗುತ್ತದೆ, ಅದು ಇನ್ನೂ ಖಾರ. ಒಣಶುಂಠಿ ಗಂಟಲಿಗೆ ಹಿಡಿಯುವುದು ಅದಕ್ಕೇ. ಅಂದರೆ ತುಳಸಿಗೆ ಕೆಟ್ಟದ್ದಾದ ಬಿಸಿ ಶುಂಠಿಗೆ ಒಳ್ಳೆಯದು. ಎರಡನೇ ಸಲ ಕಾಯಿತುರಿಯ ಹಾಗೆ ತುರಿದು, 55 ಡಿಗ್ರಿಗೆ ಇಟ್ಟೆ. ಏಳು ಗಂಟೆಯಲ್ಲಿ ಒಣಗಿತು, ಅಪ್ಪ ಕೆಮ್ಮುವಷ್ಟು ಖಾರವೂ ಬಂತು.

ಇನ್ನು ಬ್ಯಾಗ್. ಇದು ಸುಲಭ ಅಂದುಕೊಂಡಿದ್ದೆ.

ಡ್ರಿಪ್ ಕಾಫಿಗೆ ಬಳಸುವ ಫಿಲ್ಟರ್ ಪೇಪರ್ ಕತ್ತರಿಸಿ, ಮಡಚಿ, ಅಂಚಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಅಂಟಲಿಲ್ಲ. ಬಿಸಿಗೆ ಅಂಟುವ ಟೀ ಬ್ಯಾಗ್ ಕಾಗದವೇ ಬೇರೆ. ಅದರಲ್ಲಿ ಅಬಾಕಾ ಅನ್ನುವ ಬಾಳೆ ಜಾತಿಯ ಗಿಡದ ನಾರಿನ ಜೊತೆ ಬಿಸಿಗೆ ಕರಗುವ ಪ್ಲಾಸ್ಟಿಕ್ ಎಳೆ ಸೇರಿಸಿರುತ್ತಾರೆ. ತ್ರಿಕೋನ ಬಿಟ್ಟು ಬಂದವನಿಗೆ ಮತ್ತೆ ಅದೇ. ಮೈದಾ ಅಂಟು ಕಾಯಿಸಿ ಹಚ್ಚಿದೆ. ಒಣಗಿದಾಗ ಭದ್ರವಾಗಿತ್ತು. ಬಿಸಿನೀರಿಗೆ ಹಾಕಿದ ಎರಡೇ ನಿಮಿಷಕ್ಕೆ ಬಾಯಿ ಬಿಟ್ಟಿತು, ಲೋಟದಲ್ಲಿ ತೆಳು ಗಂಜಿ. ಸ್ಟೇಪ್ಲರ್ ಹೊಡೆಯೋಣ ಅಂದರೆ ಅದೂ ಬೇಡ. ಪಿನ್ ಹೊಟ್ಟೆಗೆ ಹೋಗುವ ಅಪಾಯ ನೋಡಿ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಟೀ ಬ್ಯಾಗಿಗೆ ಸ್ಟೇಪಲ್ ಪಿನ್ ಬೇಡ ಅಂತ ಆದೇಶ ಮಾಡಿತ್ತು. ಕಂಪನಿಗೆ ಬೇಡವಾದದ್ದು ಅಪ್ಪನ ಲೋಟಕ್ಕೆ ಯಾಕೆ?

ಕೊನೆಗೆ ಅಮ್ಮನ ಹೊಲಿಗೆ ಮಷೀನ್. ಮೊದಲ ನಾಲ್ಕು ಬ್ಯಾಗಿನ ಮೇಲೆ ಮಷೀನ್ ಎಣ್ಣೆಯ ಕಲೆ ಬಂತು. ಮೊದಲು ರದ್ದಿ ಬಟ್ಟೆಯ ಮೇಲೆ ಹತ್ತಿಪ್ಪತ್ತು ಸಾಲು ಓಡಿಸಿ ಎಣ್ಣೆ ಒರೆಸಿಕೊಳ್ಳಬೇಕು. ಆಮೇಲಿನ ಬ್ಯಾಗುಗಳು ಹೊಲಿಗೆಯ ಸಾಲಿನಲ್ಲೇ ಅಂಚೆಚೀಟಿಯ ಹಾಗೆ ಹರಿದವು. ಹೊಲಿಗೆ ತೀರಾ ಒತ್ತಾಗಿತ್ತು. ಅಮ್ಮ 11 ನಂಬರಿನ ಸೂಜಿ ಹಾಕಿ, ಹೊಲಿಗೆಯನ್ನು ಉದ್ದ ಮಾಡಿ, ಬಿಳಿ ಹತ್ತಿ ನೂಲಿನಲ್ಲಿ ಹೊಲಿದು ತೋರಿಸಿದರು. ತುದಿಯ ನೂಲನ್ನೇ ಉದ್ದ ಬಿಟ್ಟರೆ ಎತ್ತಲು ದಾರ ಆಯಿತು. ಇದು ನನಗೆ ಹೊಳೆದದ್ದಲ್ಲ, ಅವರಿಗೆ.

ಅಂಗಡಿಯದ್ದರ ಅಳತೆಗೆ 5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದ ಹೊಲಿದಿದ್ದೆ. 2 ಗ್ರಾಂ ಮಜ್ಜಿಗೆ ಹುಲ್ಲು ಅದರಲ್ಲಿ ದಿಂಬಿನ ಹಾಗೆ ಉಬ್ಬಿ ಕೂತಿತು, ನಡುವಿನ ಎಲೆಗೆ ನೀರೇ ತಾಗಲಿಲ್ಲ. ಸಿಟಿಸಿ ಪುಡಿಗೆ ಸಾಕಾಗುವ ಚೀಲ ಸೊಪ್ಪಿಗೆ ಸಾಲದು. ಈಗ 7 ಅಗಲ, 9 ಉದ್ದ. ಹುಲ್ಲನ್ನು ಕತ್ತರಿಯಲ್ಲಿ 2-3 ಮಿಲಿಮೀಟರಿಗೆ ಕತ್ತರಿಸಿ, ರವೆ ಜರಡಿಯಲ್ಲಿ ಪುಡಿ ಬೇರೆ ಮಾಡುತ್ತೇನೆ. ಇಲ್ಲದಿದ್ದರೆ ಸೂಜಿ ತೂತಿನಿಂದ ಪುಡಿ ಇಳಿಯುತ್ತದೆ.

ಸದ್ಯಕ್ಕೆ ನಿಂತಿರುವ ಅಳತೆ ಇದು: ಮಜ್ಜಿಗೆ ಹುಲ್ಲು 1 ಗ್ರಾಂ, ತುಳಸಿ ಅರ್ಧ ಗ್ರಾಂ, ಶುಂಠಿ 0.4, ಜಜ್ಜಿದ ಒಂದು ಕಾಳುಮೆಣಸು. ಕುದಿಯುವ ನೀರು 200 ಮಿಲಿ, ಆರು ನಿಮಿಷ. ಆರು ನಿಮಿಷ ಎಲ್ಲಿಂದ ಬಂತು ಅಂದರೆ, ಟೀ ರುಚಿ ಹೋಲಿಸುವವರಿಗೆ ಐಎಸ್ಒ 3103 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. 100 ಮಿಲಿಗೆ 2 ಗ್ರಾಂ, ಆರು ನಿಮಿಷ. ಕಪ್ಪು ಟೀಯನ್ನು ಹಾಗೆ ಮಾಡಿ ಕುಡಿದರೆ ನಾಲಿಗೆ ಒಗರೆದ್ದು ಹೋಗುತ್ತದೆ, ಅದು ಹೋಲಿಕೆಗೆ ಮಾತ್ರ. ಕಷಾಯದ ಸೊಪ್ಪಿಗೆ ಆ ಹೊತ್ತು ಸರಿಯಾಗಿ ಹೊಂದಿತು. ಲೋಟದ ಮೇಲೆ ತಟ್ಟೆ ಮುಚ್ಚುವುದು ಮಾತ್ರ ಮರೆಯಬಾರದು. ಘಮ ಆವಿಯ ಜೊತೆ ಹೋಗಿಬಿಡುತ್ತದೆ. ಮುಚ್ಚಿದ ಲೋಟ, ಮುಚ್ಚದ ಲೋಟ ಪಕ್ಕಪಕ್ಕ ಇಟ್ಟು ಕೊಟ್ಟಾಗ ಅಪ್ಪ ಎರಡನ್ನೂ ಬೇರೆ ಬೇರೆ ಸೊಪ್ಪಿನದ್ದು ಅಂದುಕೊಂಡಿದ್ದರು.

ಅವರ ಲೆಕ್ಕ ಈಗ ಎರಡು ಕಾಫಿ, ಒಂದು ಸಾದಾ ಹಾಲಿನ ಟೀ, ಎರಡು ನಮ್ಮ ಬ್ಯಾಗ್. ಆರನೆಯದು ಏನು ಅಂತ ನಾನು ಕೇಳಿಲ್ಲ. ಕೇಳಿದರೆ ಕಾಫಿ ಅಂತ ಗೊತ್ತಾಗುತ್ತದೆ.

ತಟ್ಟೆಗಳಲ್ಲಿ ಒಂದನ್ನು ಅಮ್ಮ ಹಲಸಿನ ಹಪ್ಪಳಕ್ಕೆ ತಗೊಂಡಾಯಿತು. ಇನ್ನೊಂದಕ್ಕೆ ಅಪ್ಪ ಡಿಸೆಂಬರಿಗೇ ಬುಕ್ ಮಾಡಿದ್ದಾರೆ. ಯೆಮನ್‌ನಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಗೆ ಶುಂಠಿ ಹಾಕಿ ಕುದಿಸಿ ಕುಡಿಯುತ್ತಾರೆ, ಕಿಶ್ರ್ ಅಂತ ಹೆಸರು ಅಂತ ನಾನೇ ಬಾಯಿ ತಪ್ಪಿ ಹೇಳಿದ್ದೆ. ಬಾಬಾಬುಡನ್ ಏಳು ಬೀಜ ತಂದರು ಅಂತಾರಲ್ಲ, ಅದೇ ಯೆಮನ್. ‘ಮತ್ತೆ ಸಿಪ್ಪೆ ಯಾಕೆ ಬಿಟ್ಟು ಬಂದ್ರು?’ ಅಂತ ಅಪ್ಪ ಕೇಳಿದರು. ಹಿತ್ತಲಲ್ಲಿ ಮದ್ದು ಹೊಡೆಯದ ನಾಲ್ಕು ಅರೇಬಿಕಾ ಗಿಡ ಇವೆ. ಸಿಪ್ಪೆಯಲ್ಲೂ ಕೆಫೀನ್ ಇರುತ್ತದೆ ಅಂತ ನಾನು ಹೇಳಿದ್ದು ಅವರ ಕಿವಿಗೆ ಬಿದ್ದಂತಿಲ್ಲ. ನಾಲ್ಕನೇ ತಟ್ಟೆಯ ದಬ್ಬೆಗೆ ಈಗಲೇ ಅವರ ಹೆಸರಿನ ಚೀಟಿ ಅಂಟಿದೆ. ಅಂಟಿಸಿದ್ದು ಉಳಿದಿದ್ದ ಮೈದಾ ಅಂಟಿನಲ್ಲಿ.